ಥೈರಾಯ್ಡ್‌ಗೆ ಹೃದಯದ ಮಾತ್ರೆ ಯಾಕೆ?

ಕಾಫಿ ಲೋಟ ಹಿಡಿದು ಅಡುಗೆಮನೆಯಿಂದ ಹಾಲ್‌ಗೆ ಬರುವಷ್ಟರಲ್ಲಿ ಲೋಟ-ಬಟ್ಟಲು ಟಿಕಟಿಕ ಅಂತ ಸದ್ದು ಮಾಡುತ್ತೆ. ಕೈ ನಡುಗ್ತಾ ಇದೆ. ನಾಲ್ಕು ಮೆಟ್ಟಿಲು ಹತ್ತಿದ್ದೇ ತಡ, ಎದೆ ಡವಡವ. ಹೊರಗೆ ಆಷಾಢದ ಜಡಿಮಳೆ, ಮನೆಮಂದಿಯೆಲ್ಲ ಕಂಬಳಿ ಹೊದ್ದು ಕೂತಿದ್ದರೆ ನಿಮಗೊಬ್ಬರಿಗೆ ಫ್ಯಾನ್ ಬೇಕು. ಊಟ ಮೊದಲಿಗಿಂತ ಜಾಸ್ತೀನೇ ಸೇರುತ್ತೆ, ಆದರೂ ರವಿಕೆ ಸಡಿಲ ಆಗ್ತಾ ಇದೆ. ರಾತ್ರಿ ನಿದ್ದೆ ಇಲ್ಲ. ಸಣ್ಣ ಮಾತಿಗೆ ಮಕ್ಕಳ ಮೇಲೆ ರೇಗೋದು, ಆಮೇಲೆ ಬಚ್ಚಲುಮನೆಯಲ್ಲಿ ನಿಂತು ಅಳೋದು. "ಟೆನ್ಷನ್ ಮಾಡ್ಕೋಬೇಡ ಮಾರಾಯ್ತಿ" ಅಂತಾರೆ ಮನೆಯವರು. "ಮುಟ್ಟು ನಿಲ್ಲೋ ಕಾಲ, ಹೀಗೇನೇ" ಅಂತಾರೆ ಅತ್ತೆ. "ಸಣ್ಣ ಆಗಿದ್ದೀಯಲ್ಲೇ, ಏನು ಡಯಟ್ಟು?" ಅಂತಾಳೆ ಗೆಳತಿ. ಅದೊಂದು ಮಾತು ಮಾತ್ರ ಕೇಳೋಕೆ ಹಿತ!

ಇಷ್ಟೂ ಒಟ್ಟೊಟ್ಟಿಗೆ ಇದ್ದರೆ ದಯವಿಟ್ಟು ಟೆನ್ಷನ್ ಅಂತ ಸುಮ್ಮನಾಗಬೇಡಿ. ಒಂದು ರಕ್ತಪರೀಕ್ಷೆ ಮಾಡಿಸಿ. ಟಿಎಸ್‌ಎಚ್ ತೀರಾ ಕೆಳಗಿದ್ದು, ಟಿ3, ಟಿ4 ಮೇಲೇರಿದ್ದರೆ ಅದು ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿರುವ ಲಕ್ಷಣ. ವೈದ್ಯರ ಭಾಷೆಯಲ್ಲಿ ಹೈಪರ್‌ಥೈರಾಯ್ಡಿಸಂ. ಗಂಡಸರಿಗಿಂತ ಹೆಂಗಸರಿಗೆ ಇದು ಹಲವು ಪಟ್ಟು ಹೆಚ್ಚು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡ್ತೀನಿ. ನಮ್ಮಲ್ಲಿ "ನಂಗೆ ಥೈರಾಯ್ಡ್ ಇದೆ" ಅಂತಷ್ಟೇ ಹೇಳುವ ರೂಢಿ. ಥೈರಾಯ್ಡ್ ಎಲ್ಲರಿಗೂ ಇದೆ! ಕತ್ತಿನ ಮುಂಭಾಗದಲ್ಲಿ ಚಿಟ್ಟೆ ರೆಕ್ಕೆ ಬಿಚ್ಚಿ ಕೂತ ಹಾಗಿರುವ ಗ್ರಂಥಿ ಅದು. ಪ್ರಶ್ನೆ ಇರೋದು ಅದು ಕಡಿಮೆ ಕೆಲಸ ಮಾಡುತ್ತಾ, ಜಾಸ್ತಿ ಮಾಡುತ್ತಾ ಅಂತ. ಕಡಿಮೆ ಇರುವವರೇ ಹೆಚ್ಚು, ಅವರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವುದು ಥೈರಾಕ್ಸಿನ್ ಮಾತ್ರೆ. ಪಕ್ಕದ ಮನೆಯವರು ಕೊಟ್ಟರು ಅಂತ ಆ ಮಾತ್ರೆಯನ್ನು ಜಾಸ್ತಿ ಇರುವವರು ನುಂಗಿದರೆ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ. ಸಣ್ಣ ಆಗಬೇಕು ಅಂತ ಥೈರಾಕ್ಸಿನ್ ನುಂಗುವವರ ಕತೆಯೂ ಅಷ್ಟೇ. ಅವರು ಕಾಯಿಲೆಯನ್ನು ಕೈಯಾರೆ ಮನೆಗೆ ಕರೆದ ಹಾಗೆ.

ಹೃದಯದ ಕಾಯಿಲೆ ಬಂತಾ?

ಈಗ ನಿಮಗೆ ಇರುವುದು 'ಜಾಸ್ತಿ' ಅಂತ ಗೊತ್ತಾಯಿತು ಅಂದುಕೊಳ್ಳಿ. ವೈದ್ಯರು ಚೀಟಿಯಲ್ಲಿ ಎರಡು ಮಾತ್ರೆ ಬರೆದುಕೊಟ್ಟರು. ಒಂದು ಕಾರ್ಬಿಮಜೋಲ್. ಇನ್ನೊಂದು ಪ್ರೊಪ್ರಾನಲಾಲ್, ಇಲ್ಲವೇ ಅಟೆನಲಾಲ್. ಔಷಧಿ ಅಂಗಡಿಯಲ್ಲಿ ಪಕ್ಕ ನಿಂತವರು ಯಾರೋ ಇಣುಕಿ, "ಇದು ಬೀಪಿ ಮಾತ್ರೆ ಅಲ್ವಾ? ನಮ್ಮ ಮಾವನೂರಿಗೆ ಹಾರ್ಟ್ ಆಪರೇಷನ್ ಆದ ಮೇಲೆ ಕೊಟ್ಟಿದ್ದರು" ಅಂದುಬಿಡ್ತಾರೆ. ಮುಗೀತು. ಮನೆಗೆ ಬರುವಷ್ಟರಲ್ಲಿ ನಿಮಗೆ ಹೃದಯದ ಕಾಯಿಲೆ ಬಂದಾಗಿದೆ! ಬೀಪಿ ಇಲ್ಲ, ಎದೆನೋವಿಲ್ಲ, ಮತ್ತೆ ಈ ಮಾತ್ರೆ ಯಾಕೆ ಅಂತ ಅದನ್ನು ಡಬ್ಬದಲ್ಲಿ ಮುಚ್ಚಿಟ್ಟು, ಇನ್ನೊಂದನ್ನು ಮಾತ್ರ ನುಂಗುವವರು ನಮ್ಮ ನಡುವೆ ಇದ್ದಾರೆ. ಇದರ ತದ್ವಿರುದ್ಧ ಮಾಡುವವರೂ ಇದ್ದಾರೆ, ಅವರ ವಿಷಯ ಆಮೇಲೆ.

ಮಾತ್ರೆ ಹೃದಯದ್ದೇ ನಿಜ. ಬೀಟಾ ಬ್ಲಾಕರ್ ಅಂತ ಇದರ ಕುಲದ ಹೆಸರು. ಪ್ರೊಪ್ರಾನಲಾಲ್, ಅಟೆನಲಾಲ್, ಮೆಟೊಪ್ರೊಲಾಲ್... ಬಾಬುಲಾಲ್, ಹೀರಾಲಾಲ್ ಥರ ಕೊನೆಯಲ್ಲೊಂದು 'ಲಾಲ್' ಬಂದರೆ ಈ ಕುಟುಂಬದ್ದು ಅಂತ ಗುರುತು ಹಿಡಿಯಬಹುದು. ಪ್ರೊಪ್ರಾನಲಾಲನ್ನು ಕಂಡುಹಿಡಿದದ್ದು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್, 1960ರ ದಶಕದಲ್ಲಿ. ಹೃದಯದ ರಕ್ತನಾಳ ಕಿರಿದಾಗಿ ಎದೆನೋವು ಬರುವವರಿಗಾಗಿ ಹುಡುಕಿದ ಔಷಧಿ ಅದು. 1988ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಆದರೆ ಒಂದು ಕಾಯಿಲೆಗೆ ಅಂತ ಹುಟ್ಟಿದ ಔಷಧಿ ಹತ್ತು ಕಡೆ ಉಪಯೋಗಕ್ಕೆ ಬರುವುದು ಹೊಸದೇನಲ್ಲ. ಮೈಗ್ರೇನ್ ತಲೆನೋವು ಪದೇಪದೇ ಬರುವವರಿಗೂ ಇದೇ ಪ್ರೊಪ್ರಾನಲಾಲ್ ಕೊಡ್ತಾರೆ. ಕೈ ನಡುಕಕ್ಕೂ ಕೊಡ್ತಾರೆ.

ನಡುಕ ಎಷ್ಟು ಚೆನ್ನಾಗಿ ನಿಲ್ಲಿಸುತ್ತದೆ ಅಂದರೆ, ಶೂಟಿಂಗ್ ಸ್ಪರ್ಧೆಯಲ್ಲಿ ಇದನ್ನು ನುಂಗಿ ಬರುವ ಹಾಗಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಪಿಸ್ತೂಲು ಗುರಿಕಾರ ಕಿಮ್ ಜಾಂಗ್ ಸು ಎರಡು ಪದಕ ಗೆದ್ದು ಎರಡನ್ನೂ ಕಳೆದುಕೊಂಡ. ಪರೀಕ್ಷೆಯಲ್ಲಿ ಸಿಕ್ಕಿದ್ದು ಇದೇ ಪ್ರೊಪ್ರಾನಲಾಲ್!

ಕುಲುಮೆ, ಕಣಜ

ಭದ್ರಾವತಿಯವರಿಗೆ ಕುಲುಮೆ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಊರು ಅದು. ಕುಲುಮೆಗೆ ಗಾಳಿ ಜಾಸ್ತಿ ಊದಿದರೆ ಏನಾಗುತ್ತೆ? ಇದ್ದಬದ್ದ ಇದ್ದಿಲೆಲ್ಲ ಬೇಗ ಉರಿದುಹೋಗುತ್ತೆ, ಸುತ್ತಲೂ ಝಳ. ಥೈರಾಯ್ಡ್ ಹಾರ್ಮೋನ್ ನಮ್ಮ ಮೈಯ ಕುಲುಮೆಗೆ ಊದುವ ಗಾಳಿ ಇದ್ದ ಹಾಗೆ. ಅದು ಜಾಸ್ತಿಯಾದರೆ ಎಷ್ಟು ತಿಂದರೂ ಉರಿದುಹೋಗಿ ತೂಕ ಇಳಿಯುತ್ತೆ. ಜೊತೆಗೆ ಇನ್ನೊಂದು ಕಿತಾಪತಿ. ಭಯ ಆದಾಗ, ಓಡಿದಾಗ ನಮ್ಮ ಮೈಯಲ್ಲಿ ಅಡ್ರಿನಲಿನ್ ಅನ್ನೋ ರಸ ಉಕ್ಕಿ ಎದೆ ಹೊಡೆದುಕೊಳ್ಳುತ್ತೆ, ಅಂಗೈ ಬೆವರುತ್ತೆ ಅಲ್ವಾ? ಥೈರಾಯ್ಡ್ ಹಾರ್ಮೋನ್ ಹೆಚ್ಚಿದಾಗ ಹೃದಯ ಈ ಅಡ್ರಿನಲಿನ್ನಿನ ಕರೆಗೆ ಅತಿಯಾಗಿ ಓಗೊಡಲು ಶುರುಮಾಡುತ್ತೆ. ಅಡ್ರಿನಲಿನ್ ಎಂದಿನಷ್ಟೇ ಇರುತ್ತೆ, ಆದರೆ ಅದರ ಪಿಸುಮಾತೂ ಕೂಗಿನ ಹಾಗೆ ಕೇಳಿಸುತ್ತೆ. ಹಾಗಾಗಿ ಹುಲಿ ನೋಡಿದವರ ಹಾಗೆ ಎದೆ ಹೊಡೆದುಕೊಳ್ಳುತ್ತೆ, ನೀವು ಸುಮ್ಮನೆ ಸೊಪ್ಪು ಬಿಡಿಸ್ತಾ ಕೂತಿದ್ದರೂ!

ಅಡ್ರಿನಲಿನ್ ಬಂದು ತಟ್ಟುವ ಬಾಗಿಲುಗಳಿಗೆ ಬೀಟಾ ರಿಸೆಪ್ಟರ್ ಅಂತ ಹೆಸರು. ಬೀಟಾ ಬ್ಲಾಕರ್ ಆ ಬಾಗಿಲಿಗೆ ಅಗುಳಿ ಹಾಕುತ್ತೆ. ಎದೆಬಡಿತ ನಿಧಾನ ಆಗುತ್ತೆ, ನಡುಕ ಇಳಿಯುತ್ತೆ, ಬೆವರು, ಕಾರಣವಿಲ್ಲದ ಗಾಬರಿ ತಗ್ಗುತ್ತೆ. ಇದೆಲ್ಲ ತಿಂಗಳುಗಟ್ಟಲೆ ಕಾಯುವ ಕೆಲಸ ಅಲ್ಲ. ಪ್ರೊಪ್ರಾನಲಾಲ್ ನುಂಗಿದ ಒಂದೆರಡು ಗಂಟೆಯಲ್ಲೇ ಕೆಲಸ ಶುರು. ಒಂದೆರಡು ದಿನದಲ್ಲಿ "ಅಬ್ಬಾ, ಜೀವ ಬಂತು" ಅನ್ನಿಸಬಹುದು.

ಆದರೆ ಗಮನಿಸಿ, ಕುಲುಮೆ ಆರಿಲ್ಲ. ಬಾಗಿಲು ಹಾಕಿದ್ದಾಗಿದೆ, ಝಳ ಒಳಗೆ ಬರ್ತಾ ಇಲ್ಲ, ಅಷ್ಟೇ. ಬೆಂಕಿಯನ್ನು ತಗ್ಗಿಸುವ ಕೆಲಸ ಕಾರ್ಬಿಮಜೋಲಿನದು. ಅದು ಗ್ರಂಥಿ ಹೊಸ ಹಾರ್ಮೋನ್ ತಯಾರಿಸುವುದನ್ನು ತಡೆಯುತ್ತೆ. ಹಾಗಾದರೆ ಅದೊಂದೇ ಸಾಕಲ್ಲ ಅಂತೀರಾ? ಈ ವರ್ಷ ಗದ್ದೆ ನಾಟಿ ನಿಲ್ಲಿಸಿದಿರಿ ಅಂತಿಟ್ಟುಕೊಳ್ಳಿ, ಕಣಜದಲ್ಲಿ ಹೋದ ವರ್ಷದ ಭತ್ತ ಇರುತ್ತಲ್ಲ? ಥೈರಾಯ್ಡ್ ಗ್ರಂಥಿಯೂ ಹಾಗೇ, ವಾರಗಟ್ಟಲೆ ಆಗುವಷ್ಟು ಹಾರ್ಮೋನನ್ನು ಕೂಡಿಟ್ಟಿರುತ್ತೆ. ರಕ್ತಕ್ಕೆ ಬಂದ ಟಿ4 ಅರ್ಧದಷ್ಟಾಗುವುದಕ್ಕೂ ಸಾಮಾನ್ಯವಾಗಿ ಒಂದು ವಾರ ಬೇಕು. ಹಾಗಾಗಿ ಕಾರ್ಬಿಮಜೋಲಿನ ಗುಣ ಮೈಗೆ ಗೊತ್ತಾಗಲು ನಾಲ್ಕರಿಂದ ಎಂಟು ವಾರ ಹಿಡಿಯಬಹುದು. ಆ ವಾರಗಳನ್ನು ದಾಟಿಸುವ ದೋಣಿ ಬೀಟಾ ಬ್ಲಾಕರ್.

ಈ ಮಾತ್ರೆ ಬರುವ ಮುಂಚೆ ಏನು ಮಾಡ್ತಿದ್ದರು ಗೊತ್ತಾ? ನಮ್ಮ ಮಲೆನಾಡಿನ ಕಾಡಿನಲ್ಲೂ ಬೆಳೆಯುವ ಸರ್ಪಗಂಧದ ಬೇರಿನಿಂದ ತೆಗೆದ ರೆಸರ್ಪಿನ್ ಅನ್ನು 1950ರ ದಶಕದಲ್ಲಿ ಥೈರಾಯ್ಡ್ ರೋಗಿಗಳಿಗೂ ಕೊಟ್ಟು ನೋಡಿದ್ದರು. ಎದೆಬಡಿತ ಇಳೀತಿತ್ತು, ಆದರೆ ಕೆಲವರಿಗೆ ಮನಸ್ಸೂ ಕುಗ್ಗಿಹೋಗ್ತಿತ್ತು. ಆ ಬೇರನ್ನು ತಂದು ಕಷಾಯ ಮಾಡಿ ಕುಡಿಯೋ ಯೋಚನೆ ಯಾರಿಗಾದರೂ ಬಂದರೆ ಅಲ್ಲೇ ಬಿಟ್ಟುಬಿಡಿ.

ಆರಾಮ ಅನ್ನಿಸಿದ ದಿನ

ತದ್ವಿರುದ್ಧ ಮಾಡುವವರ ವಿಷಯ ಅಂದೆನಲ್ಲ. ಭದ್ರಾವತಿ ನ್ಯೂಟೌನ್ ಕಡೆಯ ನನ್ನ ಪರಿಚಯದ ಶಿಕ್ಷಕಿಯೊಬ್ಬರು. ಬೋರ್ಡಿನ ಮೇಲೆ ಬರೆಯುವಾಗ ಸೀಮೆಸುಣ್ಣ ನಡುಗಿ ಅಕ್ಷರ ಸೊಟ್ಟ ಆಗ್ತಿತ್ತು, ಮಕ್ಕಳು ಮುಸಿಮುಸಿ ನಗ್ತಿದ್ದರು. ಎರಡೂ ಮಾತ್ರೆ ಶುರುವಾದ ಮೂರನೇ ದಿನಕ್ಕೆ ಕೈ ನಡುಕ ಮಾಯ. ಅವರು ಲೆಕ್ಕ ಹಾಕಿದರು: ಗುಣ ಕೊಟ್ಟದ್ದು ಸಣ್ಣ ಮಾತ್ರೆ, ಇನ್ನೊಂದು ಏನೂ ಮಾಡ್ತಾ ಇಲ್ಲ. ಕಾರ್ಬಿಮಜೋಲ್ ನಿಲ್ಲಿಸಿ ಪ್ರೊಪ್ರಾನಲಾಲ್ ಮಾತ್ರ ಮುಂದುವರಿಸಿದರು. ಕೈ ನಡುಗದು, ಎದೆ ಹೊಡೆಯದು, ಎಲ್ಲ ಸರಿ ಹೋಯಿತು ಅಂದುಕೊಂಡರು. ಎರಡು ತಿಂಗಳಾದ ಮೇಲೆ ಮದುವೆ ಮನೆಯಲ್ಲಿ ನೋಡಿದವರೆಲ್ಲ, "ಏನ್ರೀ ಹೀಗಾಗಿದ್ದೀರಿ" ಅನ್ನುವಷ್ಟು ಇಳಿದುಹೋಗಿದ್ದರು. ಕತ್ತಿನ ಊತ ಹಾಗೇ ಇತ್ತು. ತೊಡೆಯಲ್ಲಿ ಶಕ್ತಿ ಇಲ್ಲದೆ ನೆಲದಿಂದ ಏಳಲು ಕೈಯೂರಬೇಕಾಗಿತ್ತು. ರಕ್ತಪರೀಕ್ಷೆಯಲ್ಲಿ ಟಿ4 ಮೊದಲಿಗಿಂತ ಜಾಸ್ತಿ. ಅವರನ್ನು ದೂರಿ ಪ್ರಯೋಜನ ಇಲ್ಲ ಬಿಡಿ. ಎರಡು ಮಾತ್ರೆಗೆ ಎರಡು ಕೆಲಸ ಅಂತ ಯಾರಾದರೂ ಎರಡು ಮಾತಿನಲ್ಲಿ ಹೇಳಿದ್ದರೆ ಸಾಕಿತ್ತು.

ಅದಕ್ಕೇ ಹೇಳೋದು, ಬೀಟಾ ಬ್ಲಾಕರ್ ನುಂಗುತ್ತಿರುವಾಗ ಎದೆಬಡಿತ ಸರಿಯಿದೆ ಅಂದ ಮಾತ್ರಕ್ಕೆ ಕಾಯಿಲೆ ಇಳಿದಿದೆ ಅಂತ ಅಲ್ಲ. ತೂಕ ಇಳಿಯುವುದನ್ನಾಗಲೀ, ಕತ್ತಿನ ಗಡ್ಡೆಯನ್ನಾಗಲೀ, ಕಣ್ಣುಗುಡ್ಡೆ ಮುಂದೆ ಬರುವುದನ್ನಾಗಲೀ ಅದು ಗುಣಪಡಿಸುವುದಿಲ್ಲ. ನಿಜಸ್ಥಿತಿ ಹೇಳುವುದು ರಕ್ತಪರೀಕ್ಷೆ ಮತ್ತು ತೂಕದ ಯಂತ್ರ. ಶುರುವಿನಲ್ಲಿ ನಾಲ್ಕರಿಂದ ಆರು ವಾರಕ್ಕೊಮ್ಮೆ ಟಿ3, ಟಿ4 ನೋಡಿಸಬೇಕಾಗುತ್ತೆ. ಟಿಎಸ್‌ಎಚ್ ಮಾತ್ರ ಸೋಮಾರಿ, ಮಿಕ್ಕೆಲ್ಲ ಸರಿಯಾದ ಮೇಲೂ ಕೆಲವು ತಿಂಗಳು ಕೆಳಗೇ ಮಲಗಿರಬಹುದು. ಅದೊಂದನ್ನೇ ನೋಡಿ ಗಾಬರಿ ಬೇಡ.

ಸಾಮಾನ್ಯವಾಗಿ ಕಾರ್ಬಿಮಜೋಲನ್ನು 12ರಿಂದ 18 ತಿಂಗಳು ನುಂಗಬೇಕಾಗುತ್ತೆ. ಬಿಟ್ಟ ಮೇಲೆ ಸುಮಾರು ಅರ್ಧದಷ್ಟು ಜನರಿಗೆ ಕಾಯಿಲೆ ಮರಳುತ್ತೆ. ಆಗ ರೇಡಿಯೊ ಅಯೋಡಿನ್ ಚಿಕಿತ್ಸೆ ಇದೆ, ಆಪರೇಷನ್ ಇದೆ. ಆ ಚಿಕಿತ್ಸೆಗಳ ಮುಂಚೆಯೂ ಎದೆಬಡಿತ ಹದಕ್ಕೆ ತರಲು ಇದೇ ಬೀಟಾ ಬ್ಲಾಕರ್ ಬೇಕಾಗಬಹುದು. ಅಮೆರಿಕದ ಓಟಗಾರ್ತಿ ಗೇಲ್ ಡೀವರ್ಸ್‌ಗೆ ಥೈರಾಯ್ಡ್ ಅತಿಯಾಗುವ ಗ್ರೇವ್ಸ್ ಕಾಯಿಲೆ ಅಂತ ಗೊತ್ತಾದದ್ದು 1990ರಲ್ಲಿ. ರೇಡಿಯೊ ಅಯೋಡಿನ್ ಚಿಕಿತ್ಸೆ ಮುಗಿಸಿ, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ 100 ಮೀಟರ್ ಓಟದಲ್ಲಿ ಚಿನ್ನ ಗೆದ್ದಳು. ನಮಗೆ ಚಿನ್ನ ಬೇಡ, ಮೆಟ್ಟಿಲು ಹತ್ತಿದರೆ ಸಾಕು ಅಂತೀರಾ? ಅದೂ ಆಗುತ್ತೆ.

ನಾಡಿ ಎಣಿಸಲು ಬರುತ್ತಾ?

ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಗಡಿಯಾರ ನೋಡುತ್ತಾ ಪೂರಾ ಒಂದು ನಿಮಿಷ ಎಣಿಸಿ. ಕೆಲಸದ ಮಧ್ಯೆ ಬೇಡ, ಹತ್ತು ನಿಮಿಷ ಕೂತು ಆಮೇಲೆ. ಸಾಮಾನ್ಯರಿಗೆ 60ರಿಂದ 100ರ ಒಳಗೆ ಇರುತ್ತೆ. ಥೈರಾಯ್ಡ್ ಅತಿಯಾದವರಿಗೆ ಕೂತಲ್ಲೇ 110, 120 ಇರಬಹುದು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಎಣಿಸಿ ಅಡುಗೆಮನೆ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ. ಮುಂದಿನ ಸಲ ವೈದ್ಯರ ಹತ್ತಿರ ಹೋದಾಗ ಈ ಚೀಟಿ ನೂರು ಮಾತಿಗಿಂತ ಹೆಚ್ಚು ಹೇಳುತ್ತೆ.

ಎಣಿಸುವಾಗ ಲಯವನ್ನೂ ಗಮನಿಸಿ. ಒಂದೇ ತಾಳದಲ್ಲಿ ಬೇಗ ಹೊಡೆಯುವುದು ಬೇರೆ. ತಾಳ ತಪ್ಪಿ, ಒಮ್ಮೆ ಎರಡು ಒಟ್ಟಿಗೆ, ಒಮ್ಮೆ ಬಿಟ್ಟು ಹೊಡೆಯುವುದು ಬೇರೆ. 1991ರ ಮೇ ತಿಂಗಳಲ್ಲಿ ಆಗಿನ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಓಡುತ್ತಿದ್ದಾಗ ಹೀಗೇ ಎದೆಬಡಿತ ತಾಳ ತಪ್ಪಿ ಆಸ್ಪತ್ರೆ ಸೇರಿದ್ದರು. ಹುಡುಕಿ ನೋಡಿದರೆ ಮೂಲ ಥೈರಾಯ್ಡ್! ಅವರ ಹೆಂಡತಿ ಬಾರ್ಬರಾಗೂ ಎರಡು ವರ್ಷ ಮುಂಚೆ ಅದೇ ಕಾಯಿಲೆ ಪತ್ತೆಯಾಗಿತ್ತು. ತಾಳ ತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ ಹೊಡೆಯುವ ಅಪಾಯ ಇದೆ. ಹಾಗಾಗಿ ಇಂಥ ನಾಡಿ ಕಂಡರೆ ಅದೇ ದಿನ ಇಸಿಜಿ ಮಾಡಿಸಿ, ನಾಳೆಗೆ ಇಡಬೇಡಿ.

ಪ್ರೊಪ್ರಾನಲಾಲ್ ಮೈಯಿಂದ ಬೇಗ ಖಾಲಿಯಾಗುವ ಮಾತ್ರೆ. ಅದಕ್ಕೇ ಸಾಮಾನ್ಯವಾಗಿ 10ರಿಂದ 40 ಮಿಲಿಗ್ರಾಂ, ದಿನಕ್ಕೆ ಮೂರು-ನಾಲ್ಕು ಸಲ ಕೊಡ್ತಾರೆ. ಅಟೆನಲಾಲ್ ಆದರೆ ಹೆಚ್ಚಾಗಿ ದಿನಕ್ಕೆ ಒಂದೇ. ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಬಸ್ಸು ಹಿಡಿದು ಕೆಲಸಕ್ಕೆ ಓಡುವವರಿಗೆ ಮಧ್ಯಾಹ್ನದ ಮಾತ್ರೆ ಮರೆತೇ ಹೋಗುತ್ತೆ. ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ, ದಿನಕ್ಕೊಂದರ ಮಾತ್ರೆ ಆಗುತ್ತಾ ಕೇಳಿ. ಎಷ್ಟು ಅನ್ನುವುದನ್ನು ಅವರೇ ಹೇಳಬೇಕು. ಥೈರಾಯ್ಡ್ ಅತಿಯಾಗಿರುವಾಗ ಮೈ ಈ ಔಷಧಿಯನ್ನು ಬೇಗಬೇಗ ಕರಗಿಸಿಬಿಡುತ್ತೆ, ಹಾಗಾಗಿ ಪ್ರಮಾಣ ಹೆಚ್ಚು ಬೇಕಾಗಬಹುದು. ಕಾರ್ಬಿಮಜೋಲ್ ಕೆಲಸ ಶುರುಮಾಡಿದ ಮೇಲೆ ಅದೇ ಪ್ರಮಾಣ ಜಾಸ್ತಿ ಆಗಿಬಿಡುತ್ತೆ. ತಲೆ ಸುತ್ತು, ಸುಸ್ತು, ನಾಡಿ 50ರ ಹತ್ತಿರ... ಇದು ಕಾಯಿಲೆ ಹೆಚ್ಚಾದದ್ದಲ್ಲ, ಮಾತ್ರೆ ಇಳಿಸುವ ಸಮಯ ಬಂದಿದೆ. ಫೋನ್ ಮಾಡಿ ಕೇಳಿ. ಕೈಕಾಲು ತಣ್ಣಗಾಗುವುದು, ವಿಚಿತ್ರ ಕನಸು ಬೀಳುವುದು ಕೂಡ ಇದರ ಗುಣವೇ, ದೆವ್ವಭೂತ ಅಲ್ಲ!

ಈ ದಿನಗಳಲ್ಲಿ ಕಾಫಿ ಕಡಿಮೆ ಮಾಡಿ. ಕಾಫಿ ಸೀಮೆಯ ಪಕ್ಕದಲ್ಲೇ ಇರುವ ನಮಗೆ ಹೇಳೋಕೆ ಸುಲಭ, ಮಾಡೋಕೆ ಕಷ್ಟ, ಗೊತ್ತು. ಆದರೂ ಹೊಡೆದುಕೊಳ್ಳುವ ಎದೆಗೆ ಕಾಫಿ ಇನ್ನಷ್ಟು ಚಾಟಿ. ಮೂಗು ಕಟ್ಟಿದ್ದಕ್ಕೆ ಅಂತ ಅಂಗಡಿಯಲ್ಲಿ ಕೇಳಿ ತರುವ ನೆಗಡಿ ಮಾತ್ರೆಗಳಲ್ಲಿ ಕೆಲವು ಎದೆಬಡಿತ ಏರಿಸುತ್ತವೆ, ಜಾಗ್ರತೆ.

ಯಾರಿಗೆ ಬೇಡ?

ಉಬ್ಬಸ ಇರುವವರು ಇಲ್ಲಿ ಸ್ವಲ್ಪ ನಿಲ್ಲಿ. ಅಡ್ರಿನಲಿನ್ ಬಾಗಿಲುಗಳು ಹೃದಯದಲ್ಲಿ ಮಾತ್ರ ಅಲ್ಲ, ಶ್ವಾಸನಾಳದಲ್ಲೂ ಇವೆ. ಅಲ್ಲಿ ಅಗುಳಿ ಬಿದ್ದರೆ ನಾಳ ಮುದುಡಿ ಉಸಿರು ಕಟ್ಟಬಹುದು. ಮೈಯ ಎಲ್ಲ ಕಡೆ ಅಗುಳಿ ಹಾಕುವ ಪ್ರೊಪ್ರಾನಲಾಲ್ ಉಬ್ಬಸ ಇರುವವರಿಗೆ ಸಲ್ಲದು. ಅಟೆನಲಾಲ್ ಹೆಚ್ಚಾಗಿ ಹೃದಯದ ಕಡೆಗೇ ನೋಡುತ್ತದಾದರೂ ಪೂರಾ ನಂಬುವ ಹಾಗಿಲ್ಲ. ಇಂಥವರಿಗೆ ಡಿಲ್ಟಿಯಾಜೆಮ್ ಥರದ ಬೇರೆ ಔಷಧಿಗಳಿವೆ. ಮಳೆಗಾಲದಲ್ಲಿ ಮಾತ್ರ ಉಬ್ಬಸ ಏಳುವವರು ನಮ್ಮಲ್ಲಿ ಎಷ್ಟೊಂದು ಜನ! ಬೇಸಿಗೆಯಲ್ಲಿ ವೈದ್ಯರ ಮುಂದೆ ಕೂತಾಗ "ಉಬ್ಬಸ ಇಲ್ಲ" ಅಂದುಬಿಡ್ತಾರೆ. "ಚಿಕ್ಕವಳಿದ್ದಾಗ ಇತ್ತು", "ಆಷಾಢದಲ್ಲಿ ಬರುತ್ತೆ", "ಇನ್‌ಹೇಲರ್ ಮನೇಲಿದೆ", ಇದೆಲ್ಲವೂ ಹೇಳಬೇಕಾದ ಮಾತೇ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರಿಗೆ ಸಕ್ಕರೆ ಇಳಿದಾಗ ಎದೆ ಹೊಡೆದುಕೊಂಡು, ಕೈ ನಡುಗಿ ಸೂಚನೆ ಸಿಗುತ್ತೆ ಅಲ್ವಾ? ಬೀಟಾ ಬ್ಲಾಕರ್ ಆ ಸೂಚನೆಯನ್ನೇ ಮುಚ್ಚಿಬಿಡುತ್ತೆ. ಬೆವರು ಮಾತ್ರ ಉಳಿಯುತ್ತೆ. ಕಾರಣವಿಲ್ಲದೆ ಬೆವರಿದರೆ ಗ್ಲೂಕೋಮೀಟರ್ ನೋಡಿ, ಯಂತ್ರ ಇಲ್ಲದಿದ್ದರೆ ಮೊದಲು ಸಕ್ಕರೆ ಬಾಯಿಗೆ ಹಾಕಿಕೊಳ್ಳಿ. ನಾಡಿ ಮೊದಲೇ ನಿಧಾನ ಇರುವವರು, ಹಾರ್ಟ್ ಬ್ಲಾಕ್ ಇರುವವರು ಈ ಮಾತ್ರೆಗೆ ಕೈ ಹಾಕುವಂತಿಲ್ಲ. ಅದಕ್ಕೇ ಮೈಗ್ರೇನ್‌ಗೆ ಅಂತ ನಾದಿನಿಗೆ ಕೊಟ್ಟ ಪ್ರೊಪ್ರಾನಲಾಲ್ ಮನೆಯಲ್ಲಿದೆ ಅಂತ ನೀವೇ ಶುರುಮಾಡಬೇಡಿ.

ಶುರುಮಾಡಿದ ಮೇಲೆ ತಟ್ಟನೆ ನಿಲ್ಲಿಸಲೂಬೇಡಿ. ಇಷ್ಟು ದಿನ ಹಾಕಿದ್ದ ಅಗುಳಿ ಒಮ್ಮೆಗೇ ತೆಗೆದರೆ ಹೊರಗೆ ಕಾದಿದ್ದದ್ದೆಲ್ಲ ನುಗ್ಗಿದ ಹಾಗೆ ಎದೆಬಡಿತ ಏರುತ್ತೆ. ಹೃದಯದ ತೊಂದರೆ ಇದ್ದವರಿಗೆ ಅದು ಪ್ರಾಣಕ್ಕೇ ಸಂಚಕಾರ. ಹಬ್ಬಕ್ಕೆ, ಜಾತ್ರೆಗೆ ತವರಿಗೆ ಹೋಗುವಾಗ ಸೀರೆ ಮರೆತರೂ ಪರವಾಗಿಲ್ಲ, ಮಾತ್ರೆಯ ಪಟ್ಟಿ ಮರೆಯಬೇಡಿ. ಇವು ದುಬಾರಿಯವೂ ಅಲ್ಲ, ಒಂದು ವಾರದ್ದು ಹೆಚ್ಚಿಗೆ ತಂದಿಟ್ಟುಕೊಳ್ಳಬಹುದು.

ಬಾಣಂತಿ ಕೋಣೆಯಲ್ಲಿ

ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯ ಇದು. ಹೆರಿಗೆಯಾದ ಒಂದರಿಂದ ಆರು ತಿಂಗಳಲ್ಲಿ ಕೆಲವರ ಥೈರಾಯ್ಡ್ ಗ್ರಂಥಿಗೆ ಉರಿಯೂತ ಬಂದು, ಕಣಜಕ್ಕೆ ತೂತು ಬಿದ್ದ ಹಾಗೆ ಕೂಡಿಟ್ಟ ಹಾರ್ಮೋನ್ ರಕ್ತಕ್ಕೆ ಸೋರುತ್ತೆ. ಎದೆಬಡಿತ, ಬೆವರು, ನಿದ್ದೆಗೇಡು, ಸಿಡುಕು ಎಲ್ಲವೂ ಬರುತ್ತೆ. ಆದರೆ ನಮ್ಮ ಬಾಣಂತಿ ಕೋಣೆಯಲ್ಲಿ ಇದನ್ನು ಗುರುತಿಸೋದು ಯಾರು? ಕಿಟಕಿ ಮುಚ್ಚಿ, ಕಿವಿಗೆ ಬಟ್ಟೆ ಕಟ್ಟಿ, ಕೆಂಡದ ಹೊಗೆ ಹಾಕಿ ಕೂರಿಸಿದ ಮೇಲೆ ಬೆವರದೆ ಇರ್ತಾರಾ? ಮಗು ರಾತ್ರಿಯೆಲ್ಲ ಅಳುವಾಗ ನಿದ್ದೆ ಎಲ್ಲಿಂದ? ಎದೆ ಹೊಡೆದುಕೊಂಡರೆ "ನಿಶ್ಶಕ್ತಿ, ಇನ್ನೊಂದು ಅಂಟಿನುಂಡೆ ತಿನ್ನು". ಅತ್ತರೆ "ದೃಷ್ಟಿ ಆಗಿದೆ". ಹೀಗೇ ಎರಡು ಮೂರು ತಿಂಗಳು ಕಳೆದುಹೋಗುತ್ತೆ.

ಇಲ್ಲಿ ಲೆಕ್ಕ ಬೇರೆ. ಗ್ರಂಥಿ ಹೊಸದಾಗಿ ಏನೂ ಹೆಚ್ಚು ತಯಾರಿಸ್ತಾ ಇಲ್ಲ, ಇದ್ದದ್ದು ಸೋರ್ತಾ ಇದೆ. ಹಾಗಾಗಿ ಕಾರ್ಬಿಮಜೋಲ್ ಕೊಟ್ಟು ಪ್ರಯೋಜನವಿಲ್ಲ. ತೊಂದರೆ ಹೆಚ್ಚಿದ್ದರೆ ಬೀಟಾ ಬ್ಲಾಕರ್ ಒಂದೇ ಔಷಧಿ, ಅದೂ ಕೆಲವು ವಾರ. ಸೋರಿಕೆ ತಾನಾಗಿಯೇ ನಿಲ್ಲುತ್ತೆ. ಮೊಲೆ ಹಾಲು ಕುಡಿಸುವವರಿಗೆ ಪ್ರೊಪ್ರಾನಲಾಲ್ ವಾಸಿ, ಅದು ಹಾಲಿಗೆ ಸೇರುವುದು ಬಹಳ ಕಡಿಮೆ. ಅಟೆನಲಾಲ್ ಅದಕ್ಕಿಂತ ಹೆಚ್ಚು ಸೇರುತ್ತೆ. ಆದ್ದರಿಂದ "ಹಾಲು ಕುಡಿಸ್ತಾ ಇದ್ದೀನಿ" ಅಂತ ಮೊದಲೇ ಹೇಳಿ. ಸೋರಿಕೆಯೋ, ನಿಜವಾದ ಗ್ರೇವ್ಸ್ ಕಾಯಿಲೆಯೋ ಅಂತ ತಿಳಿಯಲು ರಕ್ತದಲ್ಲಿ ಪ್ರತಿಕಾಯಗಳ ಪರೀಕ್ಷೆ ಇದೆ. ಈ ಹಂತ ಕಳೆದ ಮೇಲೆ ಕೆಲವರಿಗೆ ಥೈರಾಯ್ಡ್ ಕಡಿಮೆಯಾಗುವ ಹಂತ ಬರುತ್ತೆ. ಮೈ ಭಾರ, ಚಳಿ, ಮಂಕು. ಹಾಗಾಗಿ ಎದೆಬಡಿತ ನಿಂತಿತು ಅಂತ ಪರೀಕ್ಷೆ ನಿಲ್ಲಿಸುವ ಹಾಗಿಲ್ಲ, ಮಗುವಿಗೆ ಒಂದು ವರ್ಷ ತುಂಬುವವರೆಗೂ ಗಮನ ಇರಲಿ.

ಬಸುರಿಯರ ವಿಷಯ ಇನ್ನೂ ಸೂಕ್ಷ್ಮ. ಮೊದಲ ಮೂರು ತಿಂಗಳು ಕಾರ್ಬಿಮಜೋಲ್ ಬದಲು ಬೇರೆ ಮಾತ್ರೆಗೆ ಬದಲಿಸುವುದು ರೂಢಿ. ಬೀಟಾ ಬ್ಲಾಕರನ್ನೂ ಬೇಕೇಬೇಕಾದರೆ ಸ್ವಲ್ಪ ದಿನ ಮಾತ್ರ, ತುಂಬಾ ದಿನ ಕೊಟ್ಟರೆ ಮಗುವಿನ ಬೆಳವಣಿಗೆ ಕುಂಠಿತವಾಗಬಹುದು. ಮುಟ್ಟು ತಪ್ಪಿದ ದಿನವೇ ವೈದ್ಯರಿಗೆ ತಿಳಿಸಿ. ಹಾಗಂತ ಹೆದರಿ ಮಾತ್ರೆಯನ್ನು ನೀವೇ ಬಿಟ್ಟುಬಿಡೋದು ಬೇಡ, ಹದ್ದುಮೀರಿದ ಥೈರಾಯ್ಡ್ ತಾಯಿ-ಮಗು ಇಬ್ಬರಿಗೂ ಅಪಾಯ.

ಉಪ್ಪು ಬಿಡಬೇಕಾ?

ಹಳೇ ಕಾಲದಲ್ಲಿ ಮಲೆನಾಡಿನಲ್ಲಿ ಗಳಗಂಡ ಅಂದರೆ ಅಯೋಡಿನ್ ಕೊರತೆ. ಸರ್ಕಾರ 1962ರಲ್ಲೇ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುಮಾಡಿತು. 2006ರ ಮೇ 17ರಿಂದ ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಲು ಮಾರುವಂತಿಲ್ಲ ಅಂತಲೂ ಆಯಿತು. ಈಗ "ಥೈರಾಯ್ಡ್ ಜಾಸ್ತಿ ಇದೆ, ಪ್ಯಾಕೆಟ್ ಉಪ್ಪು ಬಿಡಲಾ?" ಅಂತ ಕೇಳುವವರಿದ್ದಾರೆ. ಅಡುಗೆಗೆ ಬಳಸುವಷ್ಟು ಉಪ್ಪು ತೊಂದರೆ ಇಲ್ಲ. ಮನೆಯ ಮಕ್ಕಳಿಗೆ, ಬಸುರಿ ಸೊಸೆಗೆ ಅದು ಬೇಕೇಬೇಕು, ನಿಮ್ಮೊಬ್ಬರಿಗಾಗಿ ಮನೆ ಉಪ್ಪು ಬದಲಿಸಬೇಡಿ. ಆದರೆ ವರ್ಷಗಳಿಂದ ಕತ್ತಿನಲ್ಲಿ ಗಂಟುಗಂಟಾದ ಗಡ್ಡೆ ಇರುವ ವಯಸ್ಸಾದ ಅಮ್ಮಂದಿರನ್ನು ಒಮ್ಮೆ ತೋರಿಸಿ. ಅಂಥ ಗಂಟುಗಳೂ ಕೆಲವೊಮ್ಮೆ ತಮ್ಮಷ್ಟಕ್ಕೆ ತಾವೇ ಅತಿಯಾಗಿ ಹಾರ್ಮೋನ್ ಸುರಿಸಲು ಶುರುಮಾಡುತ್ತವೆ. ಅವರಲ್ಲಿ ನಡುಕ, ಸಿಡುಕು ಹೆಚ್ಚು ಕಾಣಿಸದು. ಸುಸ್ತು, ತೂಕ ಇಳಿಯುವುದು, ತಾಳ ತಪ್ಪಿದ ನಾಡಿ ಇಷ್ಟೇ.

ಪರೀಕ್ಷೆಗೆ ಹೋಗುವಾಗ

ಶಿವಮೊಗ್ಗದಲ್ಲಿ ಸಿಮ್ಸ್ ವೈದ್ಯಕೀಯ ಕಾಲೇಜಿಗೆ ಸೇರಿದ ಮೆಗ್ಗಾನ್ ಆಸ್ಪತ್ರೆ ಇದೆ. ಭದ್ರಾವತಿಯವರು ಮೊದಲು ಅಲ್ಲಿನ ತಾಲ್ಲೂಕು ಆಸ್ಪತ್ರೆಯಲ್ಲೋ, ನಿಮ್ಮ ಮಾಮೂಲಿ ಡಾಕ್ಟರ ಹತ್ತಿರವೋ ತೋರಿಸಬಹುದು. ಶಿವಮೊಗ್ಗಕ್ಕೆ ಬೇಕೆಂದಾಗ ಬಸ್ಸಿದೆ, ಇಪ್ಪತ್ತು ಕಿಲೋಮೀಟರೂ ದೂರ ಇಲ್ಲ. ರೇಡಿಯೊ ಅಯೋಡಿನ್ ಬೇಕಾದರೆ ಬೆಂಗಳೂರು, ಮಣಿಪಾಲದಂಥ ಊರಿನ ದೊಡ್ಡ ಆಸ್ಪತ್ರೆಗೆ ಕಳಿಸ್ತಾರೆ.

ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ನುಂಗ್ತಾ ಇದ್ದರೆ ರಕ್ತ ಕೊಡುವ ಎರಡು ದಿನ ಮುಂಚೆ ನಿಲ್ಲಿಸಿ, ಲ್ಯಾಬಿನಲ್ಲೂ ಹೇಳಿ. ಥೈರಾಯ್ಡ್ ಚೆನ್ನಾಗೇ ಇದ್ದರೂ ಬಯೋಟಿನ್ ಕೆಲವು ಯಂತ್ರಗಳನ್ನು ಏಮಾರಿಸಿ 'ಜಾಸ್ತಿ' ಅಂತ ತೋರಿಸಬಹುದು! ಹಳೇ ರಿಪೋರ್ಟು, ಈಗ ನುಂಗುತ್ತಿರುವ ಎಲ್ಲ ಮಾತ್ರೆಯ ಪಟ್ಟಿಗಳು, ನಾಡಿ ಬರೆದ ಕ್ಯಾಲೆಂಡರಿನ ಹಾಳೆ ಒಂದು ಚೀಲದಲ್ಲಿರಲಿ. ಹಲ್ಲು ಕೀಳಿಸುವಾಗ, ಯಾವುದೇ ಆಪರೇಷನ್ನಿಗೆ ಮುಂಚೆ ಬೀಟಾ ಬ್ಲಾಕರ್ ನುಂಗ್ತಾ ಇದ್ದೀನಿ ಅಂತ ಹೇಳುವುದನ್ನು ಮರೆಯಬೇಡಿ.

ಕಾಯುವಂತಿಲ್ಲದ ಎರಡು ಸಂದರ್ಭ ಇವೆ. ಕಾರ್ಬಿಮಜೋಲ್ ನುಂಗುವವರಿಗೆ ಜ್ವರ, ಗಂಟಲುನೋವು, ಬಾಯಿಹುಣ್ಣು ಬಂದರೆ ಆ ಮಾತ್ರೆ ನಿಲ್ಲಿಸಿ ಅವತ್ತೇ ಬಿಳಿ ರಕ್ತಕಣದ ಎಣಿಕೆ ಮಾಡಿಸಿ. ಅಪರೂಪಕ್ಕೆ ಆ ಕಣಗಳು ಪೂರಾ ಕುಸಿದುಬಿಡುತ್ತವೆ, ಮಾಮೂಲಿ ಗಂಟಲುನೋವು ಅಂತ ಉಪ್ಪುನೀರು ಮುಕ್ಕಳಿಸುತ್ತಾ ಕೂರುವ ವಿಷಯ ಅಲ್ಲ. ಇನ್ನೊಂದು, ಥೈರಾಯ್ಡ್ ಅತಿಯಾಗಿರುವವರಿಗೆ ಜೋರು ಜ್ವರ, ವಾಂತಿ-ಭೇದಿ, ಹುಚ್ಚಾಪಟ್ಟೆ ಎದೆಬಡಿತದ ಜೊತೆ ಮಾತು ತೊದಲಿ ಬಡಬಡಿಸಲು ಶುರುವಾದರೆ, ಮನೆಯವರು ಮಾತ್ರೆ ಹುಡುಕುತ್ತಾ ನಿಲ್ಲದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಸೇರಿಸಬೇಕು. ರಾತ್ರಿ ಹನ್ನೆರಡಾದರೂ ಸರಿ.

ಟಿ4 ಹದಕ್ಕೆ ಬಂದ ಮೇಲೆ ವೈದ್ಯರು ಮೊದಲು ಇಳಿಸುವುದು ಬೀಟಾ ಬ್ಲಾಕರನ್ನೇ. ದಿನಕ್ಕೆ ಮೂರಿದ್ದದ್ದು ಎರಡು, ಎರಡಿದ್ದದ್ದು ಒಂದು, ಹೀಗೆ ಒಂದೆರಡು ವಾರದಲ್ಲಿ. ಆ ದಿನಗಳಲ್ಲಿ ನಾಡಿ ಎಣಿಸುವುದನ್ನು ಬಿಡಬೇಡಿ. ಮಾತ್ರೆ ಇಲ್ಲದೆಯೂ 70, 80ರಲ್ಲೇ ನಿಂತಿದ್ದರೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಒಂದೇ ಬರೆದರೆ ಸಾಕು.